ಅರ್ಧ ಕಡಿದು ಮಲಗಿಸಿದ ಬೇಲಿ ಸಾಯಲ್ವಾ? ಊರಿಗೊಂದು ತರ ಯಾಕೆ?

ಪ್ರಶ್ನೆ: ಮಗಳ ಮನೆಗೆ ಅಂತ ಇಂಗ್ಲೆಂಡಿನ ಲೆಸ್ಟರ್‌ಗೆ ಹೋಗಿದ್ದೆ. ಫೆಬ್ರವರಿಯಲ್ಲಿ ಹಳ್ಳಿ ಕಡೆ ವಾಕಿಂಗ್ ಹೋದಾಗ ಇಬ್ಬರು ಹೊಲದ ಬೇಲಿ ಗಿಡಗಳನ್ನ ಬುಡದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಡಿದು ಒಂದರ ಮೇಲೊಂದು ವಾಲಿಸಿ ಮಲಗಿಸ್ತಾ ಇದ್ರು. ಆಮೇಲೆ ಯಾರ್ಕ್‌ಶೈರ್‌ನಲ್ಲಿ ನೋಡಿದ್ರೆ ಮೇಲೆ ರೀಪು ಹೊಡೆದಿದ್ರು, ಡೆವನ್‌ನಲ್ಲಿ ಮಣ್ಣಿನ ದಿಬ್ಬದ ಮೇಲೇ ಗಿಡ ಮಲಗಿತ್ತು. ಹೀಗೆ ಕಡಿದ್ರೆ ಗಿಡ ಸಾಯಲ್ವಾ? ಒಂದೊಂದು ಊರಲ್ಲಿ ಒಂದೊಂದು ತರ ಯಾಕೆ? ತೀರ್ಥಹಳ್ಳಿ ಹತ್ರದ ನಮ್ಮ ತೋಟಕ್ಕೆ ಇದನ್ನ ಮಾಡಬಹುದಾ?

ಉತ್ತರ: ಮೊದಲು ಸಾಯೋ ವಿಷ್ಯ ಮುಗಿಸಿಬಿಡೋಣ, ಯಾಕಂದ್ರೆ ಇದನ್ನ ನೋಡಿದ ನಮ್ಮೋರೆಲ್ಲ ಮೊದ್ಲು ಕೇಳೋದು ಅದೇ, ನಾನೂ ಮೊದಲನೇ ಸಲ ನೋಡಿದಾಗ ಮನಸ್ಸಲ್ಲೇ ಬೈಕೊಂಡೇ ನಿಂತಿದ್ದೆ. ಸಾಯಲ್ಲ. ಮರದ ಜೀವ ಇರೋದು ನಡುವಿನ ತಿರುಳಲ್ಲಿ ಅಲ್ಲ, ತೊಗಟೆ ಮತ್ತೆ ಅದರ ಕೆಳಗಿರೋ ತೆಳ್ಳನೆ ಪದರದಲ್ಲಿ. ಊರಲ್ಲಿ ಹಳೇ ಹಲಸಿನ ಮರ ನೋಡಿರ್ತೀರ, ಕಾಂಡ ಪೂರ್ತಿ ಟೊಳ್ಳಾಗಿ ಮಕ್ಕಳು ಕಣ್ಣಾಮುಚ್ಚಾಲೆ ಆಡುವಾಗ ಒಳಗೆ ಅವಿತುಕೊಳ್ಳೋಷ್ಟು ಜಾಗ ಇರತ್ತೆ, ಆದ್ರೂ ವರ್ಷಾ ವರ್ಷಾ ಕಾಯಿ ಬಿಡ್ತಾ ಇರತ್ತೆ. ಅದೇ ಸುತ್ತಲೂ ಒಂದು ಗೇಣು ತೊಗಟೆ ಕಿತ್ತರೆ ಎಂಥಾ ಗಟ್ಟಿ ಮರಾನೂ ಒಣಗಿ ಹೋಗತ್ತೆ. ಹೆಡ್ಜ್‌ಲೇಯಿಂಗ್ ಅನ್ನೋ, ಅಂದ್ರೆ ಬೇಲಿ ಗಿಡ ಕಡಿದು ಮಲಗಿಸೋ ಕಸುಬು ಪೂರ್ತಿ ಈ ಒಂದು ಸಂಗತಿ ಮೇಲೆ ನಿಂತಿದೆ.

ನೀವು ದೂರದಿಂದ ನೋಡಿದ್ದನ್ನ ಹತ್ತಿರದಿಂದ ಹೇಳ್ತೀನಿ ಕೇಳಿ. ಮುಂಗೈ ದಪ್ಪದ ಒಂದು ಹಾಥಾರ್ನ್ ಗಿಡ, ಅಲ್ಲಿನ ಬೇಲಿಗಳ ಮುಳ್ಳಿನ ಗಿಡ ಅದು, ಎರಡಾಳು ಎತ್ತರ ಬೆಳೆದಿದೆ ಅಂದ್ಕೊಳ್ಳಿ. ಮೊದಲು ಅದರ ಪಕ್ಕದ ಕೊಂಬೆಗಳನ್ನೆಲ್ಲ ಸವರಿ ಬುಡ ಕಾಣೋ ಹಾಗೆ ಮಾಡ್ಕೋಬೇಕು, ಆಮೇಲೆ ನೆಲದಿಂದ ಒಂದು ಗೇಣು ಮೇಲಿಂದ ಬಿಲ್‌ಹುಕ್ಕಲ್ಲಿ ಓರೆಯಾಗಿ ಕೆಳಮುಖ ಏಟು ಹಾಕ್ತಾ ಬರಬೇಕು, ಅಡ್ಡ ಏಟು ಬಿತ್ತೋ ಕೆಟ್ಟಿತು. ಬಿಲ್‌ಹುಕ್ ಅಂದ್ರೆ ಹೆಚ್ಚು ಕಡಿಮೆ ನಮ್ಮ ಮಲೆನಾಡಿನ ಕತ್ತಿ ಅಂದ್ಕೊಳ್ಳಿ, ತುದಿ ಬಾಗಿರೋದು. ಕಡೀತಾ ಕಡೀತಾ ಕೊನೆಗೆ ಒಂದು ಕಡೆ ತೊಗಟೆ ಜೊತೆ ಸೊಂಟದ ಬೆಲ್ಟಿನಷ್ಟು ದಪ್ಪ ಮರ ಉಳಿದಾಗ ಎಡಗೈಯಲ್ಲಿ ಮೇಲಿನ ಕಾಂಡ ಹಿಡ್ಕೊಂಡು ಮೆಲ್ಲಗೆ ಒತ್ತಿದ್ರೆ ಹಳೇ ಬಾಗಿಲು ಕಿರ್ ಅನ್ನೋ ಹಾಗೆ ಸದ್ದು ಮಾಡ್ತಾ ಬಾಗತ್ತೆ, ನಾರು ನಾರಾಗಿ ಬಿಚ್ಚಿಕೊಳ್ಳತ್ತೆ, ಆದ್ರೆ ಕಿತ್ತು ಬರಲ್ಲ. ಆ ಕ್ಷಣ ಕೈಗೆ ಗೊತ್ತಾಗ್ಬೇಕು. ಇನ್ನೊಂದು ಏಟು ಹೆಚ್ಚಾದ್ರೆ ಗಿಡ ಕೈಗೆ ಬರತ್ತೆ, ಒಂದು ಏಟು ಕಡಿಮೆಯಾದ್ರೆ ಬಗ್ಗಿಸುವಾಗ ಉದ್ದಕ್ಕೆ ಸೀಳಿ ಹೋಗತ್ತೆ. ಹೀಗೆ ಬಾಗಿಸಿದ ಕಾಂಡಕ್ಕೆ ಇಂಗ್ಲೆಂಡಿನ ಮಧ್ಯಭಾಗದಲ್ಲಿ ಪ್ಲೀಚರ್ ಅಂತಾರೆ, ಡೆವನ್‌ನಲ್ಲಿ ಇದಕ್ಕೇ ಸ್ಟೀಪರ್ ಅಂತಾರೆ. ಇಳಿಜಾರಲ್ಲಾದ್ರೆ ತುದಿ ಯಾವಾಗ್ಲೂ ಏರಿನ ಕಡೆಗೇ ಇರಬೇಕು, ಯಾಕಂದ್ರೆ ರಸ ಮೇಲಕ್ಕೆ ಹತ್ತೋದು, ತಲೆ ಕೆಳಗಾಗಿ ಮಲಗಿಸಿದ್ರೆ ಗಿಡ ಸೊರಗತ್ತೆ.

ಆಮೇಲೆ ಇನ್ನೊಂದು ಕೆಲಸ ಇದೆ, ಹೊಸಬರು ಮರೆಯೋದು ಅದನ್ನೇ. ಬುಡದಲ್ಲಿ ಉಳಿದ ಮೋಟನ್ನ ನೆಲದ ಹತ್ರಕ್ಕೆ ಇಳಿಜಾರಾಗಿ ಸವರಬೇಕು, ಮಳೆ ನೀರು ಅಲ್ಲಿ ನಿಲ್ಲಬಾರದು. ಜನ ಮಲಗಿದ ಕಾಂಡಾನೇ ಬೇಲಿ ಅಂದ್ಕೊಳ್ತಾರೆ, ಅಲ್ಲ, ಅದು ಬರೀ ಕೆಲವು ವರ್ಷದ ಕಾವಲು. ಅಸಲಿ ಬೇಲಿ ಅಂದ್ರೆ ಈ ಮೋಟಿಂದ ವಸಂತದಲ್ಲಿ ನೇರ ಮೇಲಕ್ಕೆ ಏಳೋ ಚಿಗುರು. ಮೋಟು ಎತ್ತರ ಉಳಿಸಿದ್ರೆ ಚಿಗುರೂ ಎತ್ತರದಲ್ಲೇ ಬರತ್ತೆ, ಕೆಳಗೆ ಮತ್ತೆ ಖಾಲಿ.

ಈ ಖಾಲಿಯೇ ಎಲ್ಲಾ ಸಮಸ್ಯೆಯ ಮೂಲ. ಹಾಥಾರ್ನನ್ನ ಅದರ ಪಾಡಿಗೆ ಬಿಟ್ರೆ ಅದು ಮರ ಆಗೋಕೆ ಹೋಗತ್ತೆ, ಮೇಲೆ ಛತ್ರಿ, ಕೆಳಗೆ ಬರೀ ಕಾಲು, ಆ ಕಾಲುಗಳ ಸಂದಿಯಲ್ಲಿ ಕುರಿಮರಿ ಆರಾಮಾಗಿ ನುಸುಳಿ ಪಕ್ಕದವರ ಹೊಲಕ್ಕೆ ಹೋಗತ್ತೆ. ಹಾಗಂತ ಟ್ರ್ಯಾಕ್ಟರ್‌ಗೆ ಕಟ್ಟಿದ ಫ್ಲೇಲ್ ಅನ್ನೋ ಸವರೋ ಯಂತ್ರದಲ್ಲಿ ಪ್ರತಿ ವರ್ಷ ಒಂದೇ ಎತ್ತರಕ್ಕೆ ಚಚ್ಚಿದ್ರೂ ಸರಿಯಾಗಲ್ಲ, ಅದೇ ಜಾಗದಲ್ಲಿ ಗಂಟು ಕಟ್ಟಿ ಕೆಳಗೆ ಬೋಳಾಗತ್ತೆ. ಸುಮಾರು 15-20 ವರ್ಷಕ್ಕೊಮ್ಮೆ ಬಗ್ಗಿಸಿ ಮಲಗಿಸಿದ್ರೆ ಮಾತ್ರ ಬುಡದಿಂದ ಮತ್ತೆ ಹರೆಯ ಬರತ್ತೆ. ಮಾಡೋ ಕಾಲ ಅಕ್ಟೋಬರ್‌ನಿಂದ ಮಾರ್ಚ್ ಒಳಗೆ, ಎಲೆ ಉದುರಿ ಗಿಡ ನಿದ್ದೆಯಲ್ಲಿರುವಾಗ. ಗಟ್ಟಿ ಹಿಮ ಬಿದ್ದ ಬೆಳಿಗ್ಗೆ ಮಾತ್ರ ಬೇಡ, ಮರ ಹಪ್ಪಳದ ಹಾಗೆ ಟಕ್ ಅಂತ ಮುರಿಯತ್ತೆ. ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಹಕ್ಕಿ ಗೂಡು ಕಟ್ಟೋ ಸಮಯ, ಆಗ ರೈತರು ಬೇಲಿ ಸವರೋ ಹಾಗಿಲ್ಲ ಅಂತ 2024ರಿಂದ ಇಂಗ್ಲೆಂಡಲ್ಲಿ ಕಾನೂನೇ ಇದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರ್ತೀನಿ. ಊರಿಗೊಂದು ಸ್ಟೈಲ್ ಯಾಕೆ? ಇದನ್ನ ಜನ ಸೀರೆ ಅಂಚಿನ ಡಿಸೈನ್ ತರ ನೋಡ್ತಾರೆ, ಇಳಕಲ್‌ದು ಬೇರೆ ಮೊಳಕಾಲ್ಮೂರಿಂದು ಬೇರೆ ಅನ್ನೋ ಹಾಗೆ, ಫೋಟೋ ಹೊಡ್ಕೊಂಡು ಹೋಗ್ತಾರೆ. ನನ್ನ ಪ್ರಕಾರ ಅದು ಚಂದಕ್ಕೆ ಮಾಡಿದ್ದೇ ಅಲ್ಲ. ಪ್ರತಿ ಸ್ಟೈಲೂ ಎರಡು ಪ್ರಶ್ನೆಗೆ ಕೊಟ್ಟ ಉತ್ತರ: ಯಾವ ಪ್ರಾಣಿ ತಡೀಬೇಕು, ಅದು ಬೇಲಿಯ ಯಾವ ಕಡೆ ನಿಂತಿದೆ? ಇದು ತಲೆಯಲ್ಲಿದ್ರೆ ಹೊಲದಲ್ಲಿ ಒಂದು ಹಸುವೂ ಇಲ್ಲದಿದ್ರೂ ಬೇಲಿ ನೋಡಿ ಅಲ್ಲಿ ಮೊದಲು ಏನು ಮೇಯ್ತಿತ್ತು ಅಂತ ಹೇಳಿಬಿಡಬಹುದು.

ಲೆಸ್ಟರ್ ಹತ್ರ ನೀವು ನೋಡಿದ್ದು ಬಹುತೇಕ ಮಿಡ್‌ಲ್ಯಾಂಡ್ ಬುಲಕ್, ಹೆಸರಲ್ಲೇ ಹೋರಿ ಇದೆ. ಲೆಸ್ಟರ್‌ಶೈರ್, ನಾರ್ಥಾಂಪ್ಟನ್‌ಶೈರ್, ವಾರಿಕ್‌ಶೈರ್ ಸುತ್ತ ಹುಲ್ಲು ಸೊಗಸು, ಅಲ್ಲಿ ಹೋರಿಗಳನ್ನ ಮೇಯಿಸಿ ಕೊಬ್ಬಿಸ್ತಿದ್ರು. ಅಷ್ಟು ತೂಕದ ಹೋರಿ ಏನು ಮಾಡತ್ತೆ ಗೊತ್ತಲ್ಲ, ಮೈ ಕೆರೆದುಕೊಳ್ಳೋಕೆ ಬೇಲಿಗೆ ಒರಗತ್ತೆ, ಕೊಂಬು ಹಾಕಿ ಎತ್ತತ್ತೆ, ಎಳೇ ಚಿಗುರು ಕಂಡ್ರೆ ಕುತ್ತಿಗೆ ಚಾಚತ್ತೆ. ಅದಕ್ಕೇ ಅಲ್ಲಿ ಪ್ಲೀಚರ್‌ಗಳ ಮುಳ್ಳಿನ ತುದಿಯೆಲ್ಲ ಹೋರಿ ಇರೋ ಕಡೆಗೆ ಚಾಚಿರತ್ತೆ, ಇಡೀ ಬೇಲಿ ಸ್ವಲ್ಪ ಹೋರಿ ಕಡೆಗೇ ವಾಲಿರತ್ತೆ, ಹೀಗಾಗಿ ಅದರ ಮೂತಿ ಹಿಂದಿನ ಚಿಗುರಿಗೆ ಸಿಗಲ್ಲ. ಗೂಟಗಳು ಪ್ಲೀಚರ್ ಸಾಲಿನ ಹಿಂದೆ, ಅಂದ್ರೆ ರಸ್ತೆ ಅಥವಾ ಉಳುಮೆ ಇರೋ ಕಡೆ. ಮೇಲೆ ಹೇಜಲ್ ಅನ್ನೋ ಗಿಡದ ಉದ್ದುದ್ದ ಕೋಲುಗಳನ್ನ ಗೂಟದಿಂದ ಗೂಟಕ್ಕೆ ಮೇದರು ಬುಟ್ಟಿಯ ಅಂಚು ಕಟ್ಟೋ ಹಾಗೆ ತಿರುಚಿ ಹೆಣೀತಾರೆ, ಅದೂ ಬೇಲಿಯ ತುತ್ತತುದೀಲಿ ಅಲ್ಲ, ಒಂಚೂರು ಕೆಳಗೆ, ಯಾಕಂದ್ರೆ ತುದೀಲಿದ್ರೆ ಹೋರಿ ಕೊಂಬಲ್ಲಿ ಎತ್ತಿ ಬಿಸಾಕಿಬಿಡತ್ತೆ. ನೀವು ನಡೀತಿದ್ದ ದಾರಿಯಿಂದ ನಿಮಗೆ ಗೂಟ, ಹೆಣಿಗೆ ಎಲ್ಲ ನೀಟಾಗಿ ಕಂಡಿದ್ರೆ ಹೋರಿ ಆ ಕಡೆ ಅಂತ ಅರ್ಥ. ಅದೇ ಬೇಲಿಯನ್ನ ಹೊಲದ ಒಳಗಿಂದ ನೋಡಿದ್ರೆ ಬರೀ ಮುಳ್ಳಿನ ಪೊದೆ.

ಗೂಟಗಳ ನಡುವೆ ಎಷ್ಟು ಜಾಗ? 18 ಇಂಚು. ಟೇಪ್ ಯಾರೂ ತೆಗೆಯಲ್ಲ, ಮೊಣಕೈಯಿಂದ ಬೆರಳ ತುದಿವರೆಗೆ ಇಟ್ಟು ನೋಡ್ತಾರೆ. ಅಂದ್ರೆ ನಮ್ಮ ಮೊಳ! ನಾನು ಮೊದಲನೇ ಸಲ ಇದನ್ನ ನೋಡಿದಾಗ ಮಾರ್ಕೆಟ್ಟಲ್ಲಿ ಹೂ ಅಳೆಯೋರು ನೆನಪಾಗಿ ನಕ್ಕುಬಿಟ್ಟಿದ್ದೆ, ಪಕ್ಕದಲ್ಲಿದ್ದ ಹಿರಿಯನಿಗೆ ಯಾಕೆ ಅಂತ ವಿವರಿಸೋಕೆ ಸಾಕಾಯ್ತು. ಹಾಗೇ ಒಂದು ದಿನದ ಕೆಲಸಾನ ಹಳಬರು ಚೈನ್ ಲೆಕ್ಕದಲ್ಲಿ ಹೇಳ್ತಾರೆ, ಒಂದು ಚೈನ್ ಅಂದ್ರೆ 22 ಗಜ, ಕ್ರಿಕೆಟ್ ಪಿಚ್ಚಿನ ಉದ್ದ. 66 ಅಡಿ ಅಂತ ಹೇಳಿದ್ರೆ ನಿಮಗೆ ಇನ್ನೂ ಹತ್ರ ಆಗತ್ತೆ, ನಮ್ಮ ಗುಂಟೆ 33 ಅಡಿ ಚೌಕ ಅಲ್ವಾ, ಅದು ಸರಿಯಾಗಿ ಅರ್ಧ ಚೈನ್. ಬೇಲಿ ಒಳ್ಳೇದಿದ್ದು ಕೈ ಪಳಗಿದ್ರೆ ಒಬ್ಬ ದಿನಕ್ಕೆ ಹತ್ರ ಹತ್ರ ಒಂದು ಚೈನ್ ಮುಗಿಸ್ತಾನೆ. ನಾನು ಇನ್ನೂ ಅಲ್ಲಿಗೆ ಮುಟ್ಟಿಲ್ಲ ಬಿಡಿ.

ಯಾರ್ಕ್‌ಶೈರ್‌ಗೆ ಬನ್ನಿ, ಕಥೆ ಬೇರೆ. ಅಲ್ಲಿ ಕುರಿ, ಮತ್ತೆ ಒಂದು ವರ್ಷ ಬೆಳೆ ಒಂದು ವರ್ಷ ಹುಲ್ಲು ಅಂತ ಹೊಲ ಬದಲಾಗ್ತಾ ಇರತ್ತೆ. ಕುರಿ ಒರಗಿ ಬೀಳಿಸಲ್ಲ, ನುಸುಳತ್ತೆ. ಆದ್ದರಿಂದ ಎತ್ತರ ಬೇಕಿಲ್ಲ, ಕೆಳಗೆ ದಟ್ಟ ಇದ್ರೆ ಸಾಕು. ಪ್ಲೀಚರ್‌ಗಳನ್ನ ಹೆಚ್ಚು ಕಡಿಮೆ ನೆಲಕ್ಕೆ ತಾಗೋ ಹಾಗೆ ಮಲಗಿಸಿ, ಬೇಲಿಯನ್ನ ಅಗಲ ಬಿಡದೆ ತೆಳ್ಳಗೆ ಇಟ್ಟು ಉಳುಮೆಗೆ ಜಾಗ ಉಳಿಸಿ, ಗರಗಸದಲ್ಲಿ ಕೊಯ್ದ ಗೂಟ ಹೊಡೆದು ಅದರ ಮೇಲೆ ಮರದ ರೀಪು ಮೊಳೆಯಲ್ಲಿ ಬಡೀತಾರೆ. ನೀವು ನೋಡಿದ್ದು ಅದೇ. ಹೇಜಲ್ ಹೆಣಿಗೆ ಮುಂದೆ ಅದು ಸ್ವಲ್ಪ ಬಡವರ ಮನೆ ತಡಿಕೆ ತರ ಕಾಣತ್ತೆ, ಆದ್ರೆ ಕೆಲಸಕ್ಕೆ ಏನೂ ಕಮ್ಮಿ ಇಲ್ಲ. ಅಲ್ಲಿನ ಬಿಲ್‌ಹುಕ್ಕೂ ಬೇರೆ, ಉದ್ದ ಹಿಡಿ, ಎರಡೂ ಕಡೆ ಅಲಗು. ಡರ್ಬಿಶೈರ್‌ನಲ್ಲೂ ಚೌಕ ಗೂಟಾನೇ, ಆದ್ರೆ ಮೇಲೆ ಹೆಣಿಗೆಯೂ ಇಲ್ಲ ರೀಪೂ ಇಲ್ಲ.

ದಕ್ಷಿಣಕ್ಕೆ, ಸಸೆಕ್ಸ್, ಕೆಂಟ್ ಕಡೆ ಹೋದ್ರೆ ಬೇಲಿಯ ಎರಡೂ ಪಕ್ಕ ಪ್ರಾಣಿ. ಅದಕ್ಕೆ ಮುಳ್ಳಿನ ತುದಿ ಎರಡೂ ಕಡೆ ಚಾಚತ್ತೆ, ಗೂಟ ನಡುವೆ ಒಂದೇ ಸಾಲು, ಮೇಲೆ ಹೆಣಿಗೆ. ಮೇಲಿಂದ ನೋಡಿದ್ರೆ ಬೈತಲೆ ತೆಗೆದು ಎರಡು ಕಡೆ ಬಾಚಿದ ತಲೆ ಹಾಗೆ. ವೇಲ್ಸ್‌ನಲ್ಲಿ ಕಣಿವೆಗೊಂದು ಪದ್ಧತಿ, ಬ್ರೆಕನ್ ಕಡೆಯದನ್ನ ದೂರದಿಂದಲೇ ಗುರುತಿಸಬಹುದು, ಗೂಟಗಳು ನೇರ ನಿಲ್ಲದೆ ವಾರೆಯಾಗಿ ಹೊಕ್ಕಿರತ್ತೆ, ಮತ್ತೆ ಅಲ್ಲಿ ಬೆಟ್ಟದ ಕುರಿಗಳು ಎಂಥಾ ಹಸಿವಿನವು ಅಂದ್ರೆ ಬುಡದ ಹೊಸ ಚಿಗುರಿಗೆ ಬಾಯಿ ಹಾಕದಿರಲಿ ಅಂತ ಒಣ ಮುಳ್ಳುಕೊಂಬೆಗಳನ್ನೂ ಸೇರಿಸಿ ಇಡ್ತಾರೆ. ನಮ್ಮ ಬಯಲುಸೀಮೆಯಲ್ಲಿ ಎಳೇ ಸಸಿ ಸುತ್ತ ಜಾಲಿ ಮುಳ್ಳು ಚುಚ್ಚಿಡ್ತಾರಲ್ಲ, ಅದೇ ಬುದ್ಧಿ. ವೆಲ್ಶ್ ಭಾಷೆಯಲ್ಲಿ ಈ ಕೆಲಸಕ್ಕೆ ಹೇಳೋದೇ ಪ್ಲಗಿ ಅಂತ, ಬಗ್ಗಿಸೋದು, ಮಡಿಸೋದು ಅಂತ ಅರ್ಥ. ನಾನು ಕನ್ನಡದಲ್ಲಿ ಬೇಲಿ ಬಗ್ಗಿಸೋದು ಅಂತ ಹೇಳೋಕೆ ಶುರು ಮಾಡಿದ್ದು ಅಲ್ಲಿಂದಲೇ.

ಡೆವನ್ ನನಗೆ ಎಲ್ಲಕ್ಕಿಂತ ಇಷ್ಟ, ಪಕ್ಷಪಾತ ಅಂದ್ರೂ ಪರವಾಗಿಲ್ಲ, ಯಾಕಂದ್ರೆ ಅದು ಮಲೆನಾಡಿಗೆ ಹತ್ರ. ಅಲ್ಲಿ ಬೇಲಿ ಅಂದ್ರೆ ಮೊದಲು ಮಣ್ಣಿನ ದಿಬ್ಬ, ಪಕ್ಕಕ್ಕೆ ಎಷ್ಟೋ ಕಡೆ ಕಲ್ಲಿನ ಹೊದಿಕೆ, ನಿಮ್ಮ ಕಡೆ ತೋಟದ ಸುತ್ತ ಅಗಳ ತೆಗೆದು ಆ ಮಣ್ಣನ್ನೇ ಏರಿ ಹಾಕಿರ್ತಾರಲ್ಲ ಹಾಗೆ. ಕೆಲಸದ ಮುಕ್ಕಾಲು ಪಾಲನ್ನ ಆ ದಿಬ್ಬವೇ ಮಾಡಿರತ್ತೆ. ಗಿಡಗಳು ಇರೋದು ದಿಬ್ಬದ ನೆತ್ತಿ ಮೇಲೆ, ಅವನ್ನ ಎರಡೂ ಅಂಚಿನ ಉದ್ದಕ್ಕೆ ತಗ್ಗಾಗಿ ಮಲಗಿಸಿ ಕೊಕ್ಕೆಯಾಕಾರದ ಕವಲು ಕೋಲುಗಳನ್ನ ಮಣ್ಣಿಗೆ ಹೊಡೆದು ಅದುಮಿ ಹಿಡಿಸ್ತಾರೆ. ನೇರ ಗೂಟದ ಸಾಲಿಲ್ಲ, ಹೆಣಿಗೆ ಇಲ್ಲ. ಗಾಳಿ ಸಮುದ್ರದಿಂದ ಹೊಡೆಯೋ ಜಾಗ ಬೇರೆ, ಎತ್ತರ ನಿಲ್ಲಿಸಿದ್ರೆ ಉಳಿಯಲ್ಲ. ಮಳೆಗೆ ದಿಬ್ಬದ ಪಕ್ಕ ಕುಸಿದಿದ್ರೆ ಗಿಡ ಮಲಗಿಸೋ ಹೊತ್ತಲ್ಲೇ ಕೆಳಗಿನ ಮಣ್ಣು ಎತ್ತಿ ಮತ್ತೆ ಮೆತ್ತುತಾರೆ. ಇನ್ನೂ ಪಶ್ಚಿಮಕ್ಕೆ ಕಾರ್ನ್‌ವಾಲ್‌ಗೆ ಹೋದ್ರೆ ಹೆಡ್ಜ್ ಅಂತ ಕರೆಯೋದು ಎರಡು ಕಡೆ ಕಲ್ಲು ಕಟ್ಟಿ ನಡುವೆ ಮಣ್ಣು ತುಂಬಿದ ಗೋಡೆಯನ್ನೇ, ಲಂಡನ್ನಿನವರು ಬಂದು ಇದು ಹೆಡ್ಜಾ ಅಂತ ಕೇಳಿದ್ರೆ ಅವರಿಗೆ ಸಿಟ್ಟು ಬರತ್ತೆ. ಕಲ್ಲನ್ನ ಮೀನಿನ ಮುಳ್ಳಿನ ಹಾಗೆ ಆ ಕಡೆ ಒಂದು ಸಾಲು ಈ ಕಡೆ ಒಂದು ಸಾಲು ಓರೆಯಾಗಿ ನಿಲ್ಲಿಸ್ತಾರೆ, ಅದಕ್ಕೆ ಕರ್ಜಿವೇ ಅಂತ ಹೆಸರು. ಪೆನ್‌ವಿತ್ ಅನ್ನೋ ತುತ್ತತುದಿಯ ಭಾಗದಲ್ಲಿ ಕಂಚಿನ ಯುಗದ ಕಾಲದ ಹೊಲದ ಗಡಿಗಳು ಇವತ್ತಿಗೂ ಬಳಕೆಯಲ್ಲಿವೆ.

ಹಾಗಂತ ಎಲ್ಲ ಬೇಲಿಯೂ ಅಷ್ಟು ಹಳೇದು ಅಂದ್ಕೋಬೇಡಿ. ಬೇಲಿ ಬಗ್ಗಿಸೋ ವಿದ್ಯೆ ಹಳೇದು ನಿಜ, ಕ್ರಿಸ್ತಪೂರ್ವ 57ರಲ್ಲಿ ಜೂಲಿಯಸ್ ಸೀಸರ್ ಈಗಿನ ಬೆಲ್ಜಿಯಂ ಕಡೆ ದಂಡೆತ್ತಿ ಹೋದಾಗ ನರ್ವಿ ಅನ್ನೋ ಜನ ಎಳೇ ಮರಗಳನ್ನ ಅರ್ಧ ಕಡಿದು ಬಗ್ಗಿಸಿ ನಡುವೆ ಮುಳ್ಳು ಬೆಳೆಸಿ ಗೋಡೆ ತರ ಮಾಡಿದ್ರು, ಕುದುರೆ ಸವಾರರು ದಾಟೋಕಾಗ್ಲಿಲ್ಲ ಅಂತ ಅವನೇ ಬರೆದಿಟ್ಟಿದ್ದಾನೆ. ಆದ್ರೆ ನೀವು ಮಿಡ್‌ಲ್ಯಾಂಡ್ಸ್‌ನಲ್ಲಿ ನೋಡಿದ ನೇರ ಗೆರೆ ಎಳೆದಂಥ ಬೇಲಿಗಳು ಬಹುಪಾಲು ಎನ್‌ಕ್ಲೋಷರ್ ಕಾಲದವು. ಊರ ಗೋಮಾಳ, ಸಾಮೂಹಿಕ ಹೊಲ ಎಲ್ಲವನ್ನೂ ಪಾರ್ಲಿಮೆಂಟ್ ಕಾಯ್ದೆ ಮಾಡಿ ಖಾಸಗಿಯಾಗಿ ಹಂಚಿದ್ರು, ಒಟ್ಟು 5,200ಕ್ಕೂ ಹೆಚ್ಚು ಕಾಯ್ದೆ, 68 ಲಕ್ಷ ಎಕರೆ. ಯಾರಿಗೆ ಹಂಚಿಕೆ ಸಿಕ್ತೋ ಅವರು ಬೇಲಿ ಹಾಕಲೇಬೇಕು ಅಂತ ಕಡ್ಡಾಯ. ಅದಕ್ಕೆ ನರ್ಸರಿಗಳಿಂದ ರಾಶಿ ರಾಶಿ ಹಾಥಾರ್ನ್ ಸಸಿ ಬಂತು, ಅದನ್ನ ಕ್ವಿಕ್ ಅಂತಿದ್ರು, ಬೇಗ ಅಂತ ಅಲ್ಲ, ಹಳೇ ಇಂಗ್ಲಿಷಲ್ಲಿ ಕ್ವಿಕ್ ಅಂದ್ರೆ ಜೀವ ಇರೋದು. ಊರ ಬಡವನ ಹಸು ಮೇಯೋ ಜಾಗ ಹೋಗಿದ್ದು ಈ ಚಂದದ ಬೇಲಿಯಿಂದ್ಲೇ ಅನ್ನೋದನ್ನ ಫೋಟೋ ಹೊಡೆಯುವಾಗ ಒಂಚೂರು ನೆನಪಿಟ್ಕೊಳ್ಳಿ. ಬೇಲಿಯ ವಯಸ್ಸು ಅಂದಾಜು ಮಾಡೋಕೆ ಮ್ಯಾಕ್ಸ್ ಹೂಪರ್ ಅನ್ನೋ ವಿಜ್ಞಾನಿಯ ಒಂದು ಸೂತ್ರ ಇದೆ, 30 ಗಜ ಉದ್ದದಲ್ಲಿ ಎಷ್ಟು ಜಾತಿಯ ಮರ-ಪೊದೆ ಇದೆಯೋ ಅಷ್ಟು ಶತಮಾನ ಅಂತ. ಲೆಕ್ಕ ಎಲ್ಲಾ ಕಡೆ ಸರಿ ಬರಲ್ಲ, ಆದ್ರೂ ಮುಂದಿನ ಸಲ ಹೋದಾಗ ಎಣಿಸಿ ನೋಡಿ, ಬರೀ ಹಾಥಾರ್ನ್ ಇದ್ರೆ ಎನ್‌ಕ್ಲೋಷರ್‌ದು, ಹೇಜಲ್, ಫೀಲ್ಡ್ ಮೇಪಲ್, ಹಾಲಿ ಅಂತ ಆರೇಳು ಸಿಕ್ಕಿದ್ರೆ ಹಳೇ ಮುದುಕ.

1874ರಲ್ಲಿ ಅಮೆರಿಕದಲ್ಲಿ ಗ್ಲಿಡನ್ ಅನ್ನೋನು ಮುಳ್ಳುತಂತಿಗೆ ಪೇಟೆಂಟ್ ತಗೊಂಡ ಮೇಲೆ ಈ ಕಸುಬಿಗೆ ಗ್ರಹಚಾರ ಶುರುವಾಯ್ತು. ಎರಡನೇ ಮಹಾಯುದ್ಧದ ನಂತರ ದೊಡ್ಡ ಯಂತ್ರ ಓಡಾಡಲಿ ಅಂತ ಸರ್ಕಾರವೇ ದುಡ್ಡು ಕೊಟ್ಟು ಬೇಲಿ ಕೀಳಿಸ್ತು, ಈಗ ಅದೇ ಸರ್ಕಾರ ಹೊಸದಾಗಿ ನೆಡೋಕೆ, ಬಗ್ಗಿಸೋಕೆ ದುಡ್ಡು ಕೊಡತ್ತೆ, ಸರ್ಕಾರಗಳು ಎಲ್ಲಾ ಕಡೆ ಒಂದೇ. 1978ರಲ್ಲಿ ನ್ಯಾಷನಲ್ ಹೆಡ್ಜ್‌ಲೇಯಿಂಗ್ ಸೊಸೈಟಿ ಶುರುವಾಯ್ತು, ಈಗಿನ ರಾಜ ಚಾರ್ಲ್ಸ್ ಅದರ ಪೋಷಕ, ಸ್ವತಃ ಕೈಗವಸು ಹಾಕ್ಕೊಂಡು ಬೇಲಿ ಬಗ್ಗಿಸೋ ಮನುಷ್ಯ. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಪಂದ್ಯ, ಒಂದೊಂದು ಸ್ಟೈಲಿಗೆ ಬೇರೆ ಬೇರೆ ವಿಭಾಗ. ನೋಡೋಕೆ ಹೋದ್ರೆ ತೀರ್ಪುಗಾರರು ಮೇಲಿನ ಹೆಣಿಗೆಗಿಂತ ಜಾಸ್ತಿ ಹೊತ್ತು ಬುಡದಲ್ಲಿ ಕೂತು ಮೋಟು ನೋಡ್ತಿರೋದು ಕಾಣತ್ತೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಾಸ್ ನದಿ ದಂಡೆಯ ಬೇಲಿಗಳ ಪ್ರದೇಶಕ್ಕೆ 2018ರಲ್ಲಿ ಯುನೆಸ್ಕೋ ಜೀವಗೋಳ ಮೀಸಲು ಅನ್ನೋ ಮಾನ್ಯತೆ ಸಿಕ್ಕಿದೆ, ಅಲ್ಲೂ ಬೇಲಿ ಹೆಣೆಯೋ ಚಾಂಪಿಯನ್‌ಶಿಪ್ ನಡೆಯತ್ತೆ.

ಕಲಿಯೋಕೆ ಆಸೆ ಇದ್ರೆ ಒಂದು ಎಚ್ಚರಿಕೆ ಮಾತ್ರ. ಬ್ಲಾಕ್‌ಥಾರ್ನ್ ಅಂತ ಒಂದು ಗಿಡ ಇದೆ, ಎಲೆ ಬರೋಕೆ ಮುಂಚೆ ಬಿಳೀ ಹೂ ಬಿಡತ್ತೆ, ನೋಡೋಕೆ ಪಾಪದ್ದು. ನನಗೆ ಎರಡನೇ ವರ್ಷದಲ್ಲಿ ಅದರ ಮುಳ್ಳು ಬೆರಳ ಗೆಣ್ಣಿಗೆ ಚುಚ್ಚಿ ತುದಿ ಒಳಗೇ ಮುರೀತು, ಮುಳ್ಳು ತಾನೇ ಅಂತ ಸುಮ್ಮನಿದ್ದೆ, ಮೂರನೇ ದಿನಕ್ಕೆ ಬೆರಳು ಬಾಳೆಕಾಯಿ ಆಯ್ತು, ಮಡಚೋಕಾಗಲ್ಲ, ಕೊನೆಗೆ ಕೊಯ್ದು ತೆಗೆಸಬೇಕಾಯ್ತು. ಕೀಲಿಗೆ ಹೊಕ್ಕಿದ್ರೆ ಕಾಯಬೇಡಿ, ಅವತ್ತೇ ತೋರಿಸಿ. ದಪ್ಪ ಚರ್ಮದ ಗ್ಲೌಸ್ ಇಲ್ಲದೆ ಬೇಲಿ ಹತ್ರ ಹೋಗಲೇಬೇಡಿ.

ಇನ್ನು ತೀರ್ಥಹಳ್ಳಿ ತೋಟ. ಹಾಥಾರ್ನ್ ತಂದು ನೆಡೋ ಯೋಚನೆ ಇದ್ರೆ ಬಿಟ್ಟುಬಿಡಿ, ಅದಕ್ಕೆ ಚಳಿಗಾಲದ ನಿದ್ದೆ ಬೇಕು. ನಿಮ್ಮ ಹತ್ರ ಇರೋ ಗೊಬ್ಬರದ ಗಿಡ, ಅದೇ ಗ್ಲಿರಿಸಿಡಿಯಾ, ಲಕ್ಕಿ, ಇವು ಕಡಿದಷ್ಟೂ ಚಿಗುರೋ ಜಾತಿ. ನಾನು ಊರಿಗೆ ಬಂದಾಗ ನೆಂಟರ ತೋಟದಲ್ಲಿ ಗ್ಲಿರಿಸಿಡಿಯಾ ಮೇಲೆ ಪ್ರಯೋಗ ಮಾಡಿದ್ದೆ, ಮೇ ಕೊನೆಯಲ್ಲಿ, ಮಳೆ ಹಿಡಿಯೋಕೆ ಸ್ವಲ್ಪ ಮುಂಚೆ. ಹೆಬ್ಬೆರಳು ದಪ್ಪದವು ಚೆನ್ನಾಗಿ ಬಾಗಿ ಜುಲೈ ಹೊತ್ತಿಗೆ ಉದ್ದಕ್ಕೂ ಚಿಗುರು ಬಿಟ್ಟಿದ್ವು, ಮುಂಗೈ ದಪ್ಪದವು ಅರ್ಧಕ್ಕರ್ಧ ಮುರಿದು ಕೈಗೆ ಬಂದ್ವು. ಬಾಗಿಸಿದ್ರಲ್ಲೂ ಕೆಲವಕ್ಕೆ ಕಡಿದ ಗಾಯಕ್ಕೆ ಗೆದ್ದಲು ಹತ್ತಿತು, ಇಂಗ್ಲೆಂಡಲ್ಲಿ ಈ ತಲೆನೋವು ಇಲ್ಲ. ಹಾಗಾಗಿ ಬಲಿಯೋಕೆ ಬಿಡದೆ ಎಳೇದಿರುವಾಗಲೇ ಬಗ್ಗಿಸಿ, ಗೂಟಕ್ಕೆ ಬೇರೆ ಮರ ಕಡಿಯೋ ಬದಲು ಗ್ಲಿರಿಸಿಡಿಯಾ ಕೋಲನ್ನೇ ಮೊಳಕ್ಕೊಂದು ಹೊಡೀರಿ, ಅದೂ ಬೇರು ಬಿಡತ್ತೆ. ಒಂದೇ ಕೊರತೆ, ಅದಕ್ಕೆ ಮುಳ್ಳಿಲ್ಲ, ರೂಢಿಯಾದ ದನ, ಆಡು ಸೊಪ್ಪನ್ನೂ ತಿಂತಾವೆ, ಹೋರಿ ಕಡೆ ಮುಳ್ಳು ಚಾಚೋ ಮಿಡ್‌ಲ್ಯಾಂಡ್ ಉಪಾಯ ಇಲ್ಲಿ ನಡೆಯಲ್ಲ, ಮಧ್ಯೆ ಮಧ್ಯೆ ಸೀಗೆ ಹಬ್ಬಿಸಬೇಕು. ನಿಮಗೆ ಹಳೇ ಅಗಳ, ಏರಿ ಇದ್ರೆ ಡೆವನ್ ದಾರಿಯೇ ಸರಿ, ಏರಿ ರಿಪೇರಿ ಮಾಡಿಸಿ ನೆತ್ತಿ ಮೇಲೆ ಲಕ್ಕಿ ಮಲಗಿಸಿ.

ಒಂದು ಗುಂಟೆ ಬದಿಯಷ್ಟು, ಅಂದ್ರೆ 33 ಅಡಿ ಮಾತ್ರ ಈ ವರ್ಷ ಮಾಡಿ ನೋಡಿ. ಮಾಡೋಕೆ ಮುಂಚೆ ತೋಟಕ್ಕೆ ನುಗ್ಗೋದು ಏನು, ಯಾವ ಕಡೆಯಿಂದ ಅಂತ ಬರೆದು ತಿಳಿಸಿ. ದನ ಅಂದ್ರೆ ಒಂದು ತರ ಹೇಳ್ತೀನಿ, ಹಂದಿ ಅಂದ್ರೆ ಅಗಳ ಆಳ ಮಾಡಿ ಅಂತೀನಿ. ಮಂಗ ಅಂದ್ರೆ ಮಾತ್ರ ಇಂಗ್ಲೆಂಡಿನ ಯಾವ ಕೌಂಟಿಯಲ್ಲೂ ಅದಕ್ಕೆ ಸ್ಟೈಲ್ ಇಲ್ಲ.